ಆಟದ ದೇಶ, ನಿಜದ ಪಕ್ಷ

ಒಂದು ರಾಜಕೀಯ ಪಕ್ಷ ಯಾರದು? ಸ್ಥಾಪಿಸಿದವರದೋ, ಸದಸ್ಯರದೋ, ನಂಬಿ ಮತ ಹಾಕಿದವರದೋ? ಈ ಪ್ರಶ್ನೆಯನ್ನು ನಾನು ಹೊಸದಾಗಿ ಯೋಚಿಸುವಂತಾದದ್ದು ಅಂತರ್ಜಾಲದ ಸರ್ಕಾರದ ಆಟಗಳ ಚರಿತ್ರೆಯಿಂದ. ಅಲ್ಲಿ ದೇಶ ಸುಳ್ಳು, ಖಜಾನೆ ಸುಳ್ಳು, ಯುದ್ಧವೂ ಸುಳ್ಳು. ಆದರೆ ಚುನಾವಣೆಯ ದಿನ ಮತ ಎಣಿಸುತ್ತ ಕೂತವರು, ತಾವು ಕಟ್ಟಿದ ಪಕ್ಷ ಕೈತಪ್ಪಿದಾಗ ನೊಂದವರು ನಿಜವಾದ ಮನುಷ್ಯರು.

ಎರಡು ಆಟಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯದು ‘ನೇಷನ್‌ಸ್ಟೇಟ್ಸ್’. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ತನ್ನ ‘ಜೆನಿಫರ್ ಗವರ್ನಮೆಂಟ್’ ಕಾದಂಬರಿಯ ಪ್ರಚಾರಕ್ಕೆಂದು 2002ರಲ್ಲಿ ಇದನ್ನು ಶುರುಮಾಡಿದ. ಆಟಗಾರನಿಗೊಂದು ದೇಶ, ಆ ದೇಶದ ಮುಂದೆ ಆಗಾಗ ಒಂದೊಂದು ಸಮಸ್ಯೆ. ಆಯ್ಕೆ ಮಾಡಿದ ಪರಿಹಾರಕ್ಕೆ ತಕ್ಕಂತೆ ದೇಶದ ಸ್ವಭಾವ ಬದಲಾಗುತ್ತದೆ. ದೇಶಗಳೆಲ್ಲ ಸೇರಿ ಪ್ರದೇಶಗಳು, ಅವುಗಳ ಮೇಲೊಂದು ವಿಶ್ವಸಂಸ್ಥೆ. ನಿಜವಾದ ವಿಶ್ವಸಂಸ್ಥೆ ಈ ಹೆಸರಿಗೆ ಆಕ್ಷೇಪಿಸಿದ್ದರಿಂದ 2008ರಲ್ಲಿ ಆಟದ ಸಂಸ್ಥೆ ‘ವರ್ಲ್ಡ್ ಅಸೆಂಬ್ಲಿ’ ಎಂದು ಹೆಸರು ಬದಲಿಸಿಕೊಳ್ಳಬೇಕಾಯಿತು. ಸುಳ್ಳು ಸಂಸ್ಥೆಯೊಂದು ನಿಜದ ಸಂಸ್ಥೆಯನ್ನು ತಡವಿದ ಅಪರೂಪದ ಪ್ರಸಂಗವಿದು.

ಈ ಆಟದ ನಿಯಮಗಳಲ್ಲಿ ರಾಜಕೀಯ ಪಕ್ಷ ಎಂಬುದೇ ಇಲ್ಲ. ಪ್ರದೇಶಕ್ಕೊಬ್ಬ ಪ್ರತಿನಿಧಿ ಇರುತ್ತಾನೆ. ಯಾರಿಗೆ ಹೆಚ್ಚು ದೇಶಗಳ ಅನುಮೋದನೆ ಇದೆಯೋ ಅವನೇ ಪ್ರತಿನಿಧಿ. ತಂತ್ರಾಂಶಕ್ಕೆ ಗೊತ್ತಿರುವುದು ಇಷ್ಟೇ. ಆದರೂ ದೊಡ್ಡ ಪ್ರದೇಶಗಳ ಆಟಗಾರರು ತಾವೇ ಸಂವಿಧಾನ ಬರೆದುಕೊಂಡರು, ಚುನಾವಣೆ ನಡೆಸಿದರು, ಪ್ರಣಾಳಿಕೆ ಹೊರಡಿಸುವ ಪಕ್ಷಗಳನ್ನು ಕಟ್ಟಿದರು. ಇವನ್ನೆಲ್ಲ ಮಾಡಿ ಎಂದು ಯಾರೂ ಹೇಳಿರಲಿಲ್ಲ, ಮಾಡಿದವರಿಗೆ ಅಂಕವೂ ಸಿಗುತ್ತಿರಲಿಲ್ಲ. ಒಂದೇ ಮನಸ್ಸಿನ ನಾಲ್ಕು ಜನ ಸೇರಿದ ಕಡೆ ಪಕ್ಷ ತಾನಾಗಿ ಹುಟ್ಟಿಕೊಂಡಿತು.

ಇದು ಭಾರತದ ಓದುಗರಿಗೆ ತೀರಾ ಅಪರಿಚಿತ ಕತೆಯಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ರಾಜಕೀಯ ಪಕ್ಷಗಳ ಬಗ್ಗೆ ಏನನ್ನೂ ಹೇಳಿರಲಿಲ್ಲ. ಪಕ್ಷಗಳು ಗೆದ್ದವು, ಸೋತವು, ಒಡೆದವು, ಸರ್ಕಾರ ನಡೆಸಿದವು. ಸಂವಿಧಾನ ಮಾತ್ರ ಅವುಗಳ ಹೆಸರೆತ್ತದೆ ಮೂರೂವರೆ ದಶಕ ಕಳೆಯಿತು. 1985ರ 52ನೇ ತಿದ್ದುಪಡಿ ಹತ್ತನೇ ಅನುಸೂಚಿಯನ್ನು ಸೇರಿಸಿದಾಗಲೇ ಪಕ್ಷಕ್ಕೆ ಅಲ್ಲಿ ಜಾಗ ಸಿಕ್ಕಿದ್ದು, ಅದೂ ಪಕ್ಷಾಂತರವನ್ನು ತಡೆಯುವ ನೆಪದಲ್ಲಿ. ಜನ ಪಕ್ಷ ಕಟ್ಟುವುದನ್ನು ಕಾನೂನು ಗಮನಿಸಬೇಕಾಗಿ ಬಂದದ್ದು ಜನ ಪಕ್ಷ ಬಿಡತೊಡಗಿದ ಮೇಲೆ.

ಎರಡನೆಯ ಆಟ ‘ಇ-ರಿಪಬ್ಲಿಕ್’. ಅಲೆಕ್ಸಿಸ್ ಬಾಂಟ್ ಮತ್ತು ಜಾರ್ಜ್ ಲೆಮ್ನಾರು ರೊಮೇನಿಯಾದಲ್ಲಿ ಕಟ್ಟಿದ ಈ ಆಟ 2008ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಇಲ್ಲಿನ ದೇಶಗಳಿಗೆ ನಿಜದ ದೇಶಗಳದೇ ಹೆಸರು, ಭಾರತವೂ ಸೇರಿದಂತೆ. ಆಟಗಾರ ದೊರೆಯಲ್ಲ, ಸಾಮಾನ್ಯ ಪ್ರಜೆ. ದಿನವೂ ಕೆಲಸಕ್ಕೆ ಹೋಗಬೇಕು, ಕೂಲಿ ಪಡೆಯಬೇಕು, ಬೇಕಾದರೆ ಪತ್ರಿಕೆ ನಡೆಸಬಹುದು. ತಿಂಗಳ 5ಕ್ಕೆ ದೇಶದ ಅಧ್ಯಕ್ಷರ ಚುನಾವಣೆ, 15ಕ್ಕೆ ಪಕ್ಷಾಧ್ಯಕ್ಷರದು, 25ಕ್ಕೆ ಕಾಂಗ್ರೆಸ್ಸಿನದು. ಪಕ್ಷ ಇಲ್ಲಿ ನಿಯಮದ ಒಳಗೇ ಇದೆ. ಆಟದ ಚಿನ್ನ ತೆತ್ತು ಪಕ್ಷ ಸ್ಥಾಪಿಸಬೇಕು. ಅದು ಎಡವೋ ಬಲವೋ ನಡುವೋ ಎಂದು ಪಟ್ಟಿಯಿಂದ ಆರಿಸಬೇಕು. ಆ ಹಣೆಪಟ್ಟಿ ಪಕ್ಷದ ಪುಟದ ಮೇಲೆ ಕಾಣುತ್ತದೆ, ಆದರೆ ಅದರಂತೆ ನಡೆಯಬೇಕೆಂಬ ಕಟ್ಟುಪಾಡಿಲ್ಲ.

ಪಕ್ಷಕ್ಕೆ ನಿಯಮದಲ್ಲಿ ಜಾಗ ಸಿಕ್ಕಿದ ಕೂಡಲೇ ಅದನ್ನು ಕದಿಯುವ ದಾರಿಯೂ ತೆರೆಯಿತು. ಬೇರೊಂದು ದೇಶದ ಆಟಗಾರರು ಗುಂಪಾಗಿ ಬಂದು ಸಣ್ಣ ದೇಶದ ಪಕ್ಷವೊಂದಕ್ಕೆ ಸದಸ್ಯರಾಗುತ್ತಿದ್ದರು. ಹದಿನೈದನೇ ತಾರೀಖು ತಮ್ಮವನನ್ನೇ ಪಕ್ಷಾಧ್ಯಕ್ಷನನ್ನಾಗಿ ಆರಿಸುತ್ತಿದ್ದರು. ಅವನ ಕೈಗೆ ಅಭ್ಯರ್ಥಿಗಳ ಪಟ್ಟಿ ಬಂದರೆ ಇಪ್ಪತ್ತೈದಕ್ಕೆ ಕಾಂಗ್ರೆಸ್ಸೂ ಕೈಗೆ ಬರಬಹುದು. ಆಮೇಲೆ ತೆರಿಗೆ, ಖಜಾನೆ ಎಲ್ಲ ಅವರದೇ. ಆಟಗಾರರು ಇದನ್ನು ‘ಪೊಲಿಟಿಕಲ್ ಟೇಕೋವರ್’ ಎಂದು ಕರೆದರು. ಒಂದು ಗುಂಡೂ ಹಾರದೆ, ಒಂದು ನಿಯಮವೂ ಮುರಿಯದೆ ದೇಶವೊಂದು ಕೈಬದಲಾಗುತ್ತಿತ್ತು. ಸೋತವರು ದೂರು ಕೊಡಲು ಆಧಾರವೇ ಇರಲಿಲ್ಲ, ಏಕೆಂದರೆ ಎಲ್ಲವೂ ಮತದಾನದಿಂದಲೇ ನಡೆದಿತ್ತು.

ಆಟವನ್ನು ನಡೆಸುವವರು ಮುಂದೆ ಪೌರತ್ವಕ್ಕೆ ಒಪ್ಪಿಗೆ ಬೇಕೆಂಬ ನಿಯಮ ತಂದರು. ಆದರೆ ನನ್ನ ಕುತೂಹಲ ಇರುವುದು ಆಟಗಾರರೇ ಕಂಡುಕೊಂಡ ಉಪಾಯಗಳಲ್ಲಿ. ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದ ಎದುರಾಳಿ ಪಕ್ಷಗಳು ಆ ಒಂದು ದಿನದ ಮಟ್ಟಿಗೆ ಒಂದಾಗುತ್ತಿದ್ದವು. ಬಲಪಂಥದವರು ಎಡಪಕ್ಷಕ್ಕೆ ಸದಸ್ಯರಾಗಿ ಅದರ ಅಧ್ಯಕ್ಷನನ್ನು ಉಳಿಸಿ, ಮರುದಿನ ತಮ್ಮ ಮನೆಗೆ ಮರಳುವುದು ಇಲ್ಲಿ ಸಾಧ್ಯವಿತ್ತು. ತಂತ್ರಾಂಶದ ಕಣ್ಣಿಗೆ ದಾಳಿ ಮಾಡಿದವನೂ ಕಾಯಲು ಬಂದವನೂ ಒಂದೇ: ಇಬ್ಬರೂ ಪಕ್ಷಾಂತರಿಗಳು. ಯಾರು ಯಾಕೆ ಬಂದರು ಎಂಬುದು ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ನಮ್ಮ ಕಾನೂನೂ ಇದೇ ಇಕ್ಕಟ್ಟಿಗೆ ಸಿಕ್ಕಿತು. ಹತ್ತನೇ ಅನುಸೂಚಿಯ ಮೊದಲ ರೂಪದಲ್ಲಿ ಒಬ್ಬ ಶಾಸಕ ಪಕ್ಷ ಬಿಟ್ಟರೆ ಅನರ್ಹ. ಶಾಸಕಾಂಗ ಪಕ್ಷದ ಮೂರನೇ ಒಂದು ಪಾಲು ಒಟ್ಟಿಗೆ ಹೊರಬಂದರೆ ಅದು ‘ವಿಭಜನೆ’, ತಪ್ಪಲ್ಲ. 2003ರ 91ನೇ ತಿದ್ದುಪಡಿ ಆ ವಿನಾಯಿತಿಯನ್ನು ತೆಗೆದುಹಾಕಿತು. ಮೂರನೇ ಎರಡರಷ್ಟು ಮಂದಿ ಒಪ್ಪಿದರೆ ‘ವಿಲೀನ’ ಎನ್ನುವ ವಿನಾಯಿತಿ ಉಳಿಯಿತು. ನಿಷ್ಠೆಯನ್ನು ಅಳೆಯಲು ಹೊರಟ ಕಾನೂನಿನ ಕೈಯಲ್ಲಿ ಉಳಿದದ್ದು ತಲೆ ಎಣಿಕೆ. ಒಬ್ಬ ಹೋದರೆ ದ್ರೋಹ, ಸಾಕಷ್ಟು ಜನ ಹೋದರೆ ರಾಜಕಾರಣ.

ಹಾಗೆಂದು ನಿಯಮವೇ ಬೇಡ ಎನ್ನಲಾಗದು. ನೇಷನ್‌ಸ್ಟೇಟ್ಸ್‌ನಲ್ಲೂ ಹೊರಗಿನವರು ನುಗ್ಗಿ ಅನುಮೋದನೆಗಳ ಬಲದಿಂದ ಪ್ರದೇಶಗಳನ್ನೇ ಕಿತ್ತುಕೊಂಡದ್ದುಂಟು. ಆದರೆ ಒಂದು ವ್ಯತ್ಯಾಸ ಮುಖ್ಯ. ಅಲ್ಲಿ ಪ್ರದೇಶ ಹೋದರೂ ಪಕ್ಷ ಹೋಗುವುದಿಲ್ಲ, ಏಕೆಂದರೆ ಕಿತ್ತುಕೊಳ್ಳಲು ಅದು ತಂತ್ರಾಂಶದಲ್ಲಿ ಎಲ್ಲೂ ಇಲ್ಲ. ಇರುವುದು ಅದರ ಜನರ ನಡುವಿನ ಮಾತಿನಲ್ಲಿ. ಇ-ರಿಪಬ್ಲಿಕ್‌ನಲ್ಲಿ ಪಕ್ಷ ಕಳೆದುಕೊಂಡವರ ಮುಂದೆಯೂ ಉಳಿದದ್ದು ಅದೇ ದಾರಿ: ಹೆಸರು, ಲಾಂಛನ, ಸದಸ್ಯರ ಪಟ್ಟಿ ಎಲ್ಲವನ್ನೂ ಬಿಟ್ಟು ಹೊರಬಂದು, ಮತ್ತೆ ಚಿನ್ನ ಕೂಡಿಸಿ, ಹೊಸ ಹೆಸರಿನಲ್ಲಿ ಹಳೆಯ ಪಕ್ಷವನ್ನು ಕಟ್ಟುವುದು. ಗೆದ್ದವರ ಕೈಯಲ್ಲಿ ಉಳಿಯುವುದು ಪಕ್ಷದ ಪುಟವೊಂದೇ.