ಎರಡು ತುದಿಯ ಆಟ: ಕರ್ನಾಟಕದ ಬ್ಯಾಟಿಂಗ್ ಜೋಡಿಗಳು

ನಮ್ಮ ಗುಡಿಬಂಡೆ ಆಂಧ್ರದ ಊರು, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆದರೂ ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ರಣಜಿ ಎಂದರೆ ಕರ್ನಾಟಕ ತಂಡದ ಮಾತೇ ಮೊದಲು. ಆ ತಂಡದ ಬಹುದೊಡ್ಡ ಬ್ಯಾಟ್ಸ್‌ಮನ್ ಬೆಳಕಿಗೆ ಬಂದದ್ದು ಆಂಧ್ರದ ಎದುರೇ. 1967ರಲ್ಲಿ ವಿಜಯವಾಡದಲ್ಲಿ, ಆಗ ಮೈಸೂರು ಎನಿಸಿಕೊಂಡಿದ್ದ ಆ ತಂಡದ ಪರ ಆಡಿದ ಮೊದಲ ಪಂದ್ಯದಲ್ಲೇ ಜಿ.ಆರ್. ವಿಶ್ವನಾಥ್ 230 ರನ್ ಹೊಡೆದರು.

ಅವರ ಜೊತೆಗೆ ಬ್ರಿಜೇಶ್ ಪಟೇಲ್ ನಿಂತ ಮೇಲೆ ತಂಡದ ದಿಕ್ಕೇ ಬದಲಾಯಿತು. ವಿಶ್ವನಾಥ್ ಮಣಿಕಟ್ಟಿನ ತಿರುವಿನಲ್ಲಿ ಸ್ಕ್ವೇರ್ ಕಟ್ ಆಡುವವರು. ಪಟೇಲ್ ಸ್ಪಿನ್ನರ್‌ಗಳನ್ನು ಲೆಗ್ ಸೈಡಿಗೆ ಎತ್ತಿ ಬಾರಿಸುವವರು. ಒಬ್ಬರಿಗೆ ಹೊಂದಿಸಿದ ಫೀಲ್ಡಿಂಗ್ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಬಾಂಬೆ ಸತತ 15 ವರ್ಷ ರಣಜಿ ಟ್ರೋಫಿ ಗೆದ್ದು ಬಂದಿತ್ತು. 1973-74ರ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ, ವಿಶ್ವನಾಥ್ 162, ಪಟೇಲ್ 106 ಹೊಡೆದರು. ಪ್ರಸನ್ನ ನಾಯಕತ್ವದ ತಂಡ ಬಾಂಬೆಯನ್ನು ಹೊರದಬ್ಬಿ, ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಸೋಲಿಸಿ, ಮೊದಲ ಬಾರಿಗೆ ಟ್ರೋಫಿ ತಂದಿತು. ಕರ್ನಾಟಕದ ಜೋಡಿಗಳಲ್ಲಿ ನನಗೆ ಇವರೇ ಮೇಲು.

ಅಂಕಿಅಂಶ ಮಾತ್ರ ನೋಡಿದರೆ ಬೇರೆಯವರು ಮುಂದಿದ್ದಾರೆ. 1977-78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ಎದುರು ಸಂಜಯ್ ದೇಸಾಯಿ (ಅಜೇಯ 218) ಮತ್ತು ರೋಜರ್ ಬಿನ್ನಿ (ಅಜೇಯ 211) ವಿಕೆಟ್ ಬೀಳಗೊಡದೆ 451 ರನ್ ಕೂಡಿಸಿದರು. ಮೊದಲ ವಿಕೆಟ್‌ಗೆ ರಣಜಿಯ ಆ ದಾಖಲೆಯನ್ನು 1994-95ರಲ್ಲಿ ದೆಹಲಿಯ ರವಿ ಸೆಹಗಲ್ ಮತ್ತು ರಮಣ್ ಲಾಂಬಾ 464 ರನ್ನಿನಿಂದ ಮುರಿದರು.

ಅಮೆರಿಕದ ಬೇಸ್‌ಬಾಲ್‌ನಲ್ಲೂ ಜೋಡಿಗಳ ಲೆಕ್ಕ ಇಡುತ್ತಾರೆ. ನ್ಯೂಯಾರ್ಕ್ ಯಾಂಕೀಸ್ ತಂಡದ ಬೇಬ್ ರೂತ್ ಮತ್ತು ಲೂ ಗೆಹ್ರಿಗ್ 1927ರಲ್ಲಿ 60 ಮತ್ತು 47 ಹೋಮ್ ರನ್ ಹೊಡೆದರು. 1961ರಲ್ಲಿ ಅದೇ ತಂಡದ ರೋಜರ್ ಮ್ಯಾರಿಸ್ 61, ಮಿಕಿ ಮ್ಯಾಂಟಲ್ 54. ಅಲ್ಲಿ ಒಬ್ಬರಾದ ಮೇಲೆ ಒಬ್ಬರ ಸರದಿ. ರೂತ್‌ಗೆ ಹೊಡೆಯಲಾಗದ ಚೆಂಡುಗಳನ್ನೇ ಎಸೆದು ಮೊದಲ ಬೇಸ್‌ಗೆ ಸಾಗಹಾಕಿದರೆ ಹಿಂದೆಯೇ ಗೆಹ್ರಿಗ್ ಕಾದಿರುತ್ತಿದ್ದ. ಕ್ರಿಕೆಟ್‌ನಲ್ಲಿ ಇಬ್ಬರೂ ಒಟ್ಟಿಗೆ ಅಂಗಳದಲ್ಲಿರುತ್ತಾರೆ. ಒಬ್ಬನ ಕರೆ ತಪ್ಪಿದರೆ ಇನ್ನೊಬ್ಬ ರನೌಟ್. ಆದ್ದರಿಂದ ತಂಡ ಕುಸಿದಾಗ ನಿಂತ ಜೋಡಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ರಾಹುಲ್ ದ್ರಾವಿಡ್ ಅಂಥ ಜೊತೆಗಾರ. ಸಚಿನ್ ಜೊತೆ ಟೆಸ್ಟ್‌ನಲ್ಲಿ ಅವರು ಕೂಡಿಸಿದ್ದು 6,920 ರನ್. 2001ರಲ್ಲಿ ಕೋಲ್ಕತ್ತದಲ್ಲಿ ಫಾಲೋ ಆನ್ ಆದ ಮೇಲೆ ಲಕ್ಷ್ಮಣ್ ಜೊತೆ 376 ಸೇರಿಸಿದರು. ಆ ಛಲ ತವರು ತಂಡದಲ್ಲಿ ಮತ್ತೆ ಕಂಡದ್ದು 2014-15ರ ರಣಜಿ ಫೈನಲ್‌ನಲ್ಲಿ. ತಮಿಳುನಾಡಿನ ಎದುರು, ಮುಂಬೈಯಲ್ಲಿ, 84ಕ್ಕೆ 5 ವಿಕೆಟ್ ಬಿದ್ದಿದ್ದವು. ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188 ಹೊಡೆದರು. ಆರನೇ ವಿಕೆಟ್‌ಗೆ 386. ಕರ್ನಾಟಕ ಪಂದ್ಯವನ್ನು ಇನಿಂಗ್ಸ್ ಅಂತರದಲ್ಲಿ ಗೆದ್ದಿತು. ಮರುವರ್ಷ, 2016ರ ಡಿಸೆಂಬರ್‌ನಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ಇಂಗ್ಲೆಂಡ್ ಎದುರು ರಾಹುಲ್ 199, ಕರುಣ್ ಅಜೇಯ 303.

ಟಿ20 ಬಂದ ಮೇಲೆ ಜೋಡಿಗೆ ಊರಿನ ನಂಟು ಸಡಿಲವಾಯಿತು. 2016ರಲ್ಲಿ ಚಿನ್ನಸ್ವಾಮಿಯಲ್ಲಿ ಗುಜರಾತ್ ಲಯನ್ಸ್ ಎದುರು 229 ರನ್ ಕೂಡಿಸಿದ ಬೆಂಗಳೂರು ತಂಡದ ಕೊಹ್ಲಿ, ಡಿವಿಲಿಯರ್ಸ್ ಇಬ್ಬರೂ ಹೊರಗಿನವರು. 2020ರಲ್ಲಿ ಶಾರ್ಜಾದಲ್ಲಿ 183 ಸೇರಿಸಿದ ರಾಹುಲ್, ಮಯಂಕ್ ಅಗರವಾಲ್ ಇಬ್ಬರೂ ನಮ್ಮವರು, ಆಡಿದ್ದು ಪಂಜಾಬಿಗೆ. 2024ರ ಸೆಪ್ಟೆಂಬರ್‌ನಲ್ಲಿ ದುಲೀಪ್ ಟ್ರೋಫಿ ನಮ್ಮ ಕಡೆಯ ಅನಂತಪುರಕ್ಕೇ ಬಂದಾಗ ಮಯಂಕ್ ಭಾರತ ಎ ತಂಡದ ನಾಯಕ. ಕರ್ನಾಟಕದಲ್ಲಿ ಅವರ ಜೊತೆಗಾರ ದೇವದತ್ತ ಪಡಿಕ್ಕಲ್ ಎದುರಾಳಿ ಡಿ ತಂಡಕ್ಕೆ ಆಡಿ 92 ರನ್ ಹೊಡೆದರು.