ಲಿಥಿಯಮ್ ಪಾಲಿಮರ್ ಬ್ಯಾಟರಿ: ಸಿಂಪರಣಾ ಡ್ರೋನಿನ ಮೋಟಾರಿಗೆ ಆಯ್ಕೆ ಮತ್ತು ಚಾರ್ಜಿಂಗ್

ಲಿಥಿಯಮ್ ಪಾಲಿಮರ್ ಬ್ಯಾಟರಿ, ಬಳಕೆಯ ಮಾತಿನಲ್ಲಿ ಲಿಪೋ, ಕಡಿಮೆ ತೂಕದಲ್ಲಿ ಒಮ್ಮೆಲೇ ಹೆಚ್ಚು ಕರೆಂಟು ಕೊಡಬಲ್ಲ ಬ್ಯಾಟರಿ. ಮೊಬೈಲ್, ಸ್ಕೂಟರುಗಳ ಲಿಥಿಯಮ್ ಅಯಾನ್ ಕುಟುಂಬಕ್ಕೇ ಇದೂ ಸೇರಿದೆ. ಇದರ ಸೆಲ್‌ಗಳಿಗೆ ಗಟ್ಟಿ ಲೋಹದ ಡಬ್ಬಿ ಇರುವುದಿಲ್ಲ. ಅಲ್ಯೂಮಿನಿಯಂ ಹಾಳೆಯ ಮೆತ್ತನೆಯ ಚೀಲವಷ್ಟೇ. ತೂಕ ಉಳಿಯುವುದೂ ಅಲ್ಲಿಯೇ, ಅಪಾಯ ಹುಟ್ಟುವುದೂ ಅಲ್ಲಿಯೇ. ಮೊಳೆ ಚುಚ್ಚಿದರೆ, ಕಲ್ಲಿನ ಮೇಲೆ ಬಿದ್ದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಹೊತ್ತಿಕೊಳ್ಳಬಹುದು.

ತುಂಗಭದ್ರೆಯ ದಡದ ಕುಮಾರಪಟ್ಟಣದಿಂದ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿವರೆಗಿನ ಸೀಮೆ ಗೋವಿನಜೋಳ, ಹತ್ತಿ, ಮೆಣಸಿನಕಾಯಿಯದು. ಗೋವಿನಜೋಳಕ್ಕೆ ಬೀಳುವ, ರೈತರು ಲದ್ದಿಹುಳು ಎನ್ನುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಆಳೆತ್ತರ ಬೆಳೆದ ಬೆಳೆಯೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವುದು ಎಷ್ಟು ಕಷ್ಟವೆಂದು ಹೊಡೆದವರಿಗೇ ಗೊತ್ತು. ಹೊಲದ ಮೇಲೆ ಹಾರುವ ಸಿಂಪರಣಾ ಡ್ರೋನಿಗೆ ಕೆಲಸ ಸಿಕ್ಕಿದ್ದು ಇಂಥ ಕಡೆ. 2021ರ ಡ್ರೋನ್ ನಿಯಮಗಳ ಪ್ರಕಾರ 2 ಕಿಲೋ ಮೀರಿ 25 ಕಿಲೋವರೆಗಿನವು ‘ಸಣ್ಣ’ ವರ್ಗ. 10 ಲೀಟರ್ ಟ್ಯಾಂಕಿನ ಯಂತ್ರಗಳು ಸಾಮಾನ್ಯವಾಗಿ ಇದರೊಳಗೇ ಬರುತ್ತವೆ.

ಬ್ಯಾಟರಿ ಆರಿಸುವಾಗ ಲೆಕ್ಕ ಮೋಟಾರಿನಿಂದ ಶುರುವಾಗಬೇಕು. ಟ್ಯಾಂಕು ತುಂಬಿದ ಇಂಥ ಡ್ರೋನ್ ಗಾಳಿಯಲ್ಲಿ ನಿಲ್ಲಲು ಸುಮಾರು 3 ಕಿಲೋವಾಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಅಂದರೆ 4 ಎಚ್‌ಪಿ ಪಂಪ್‌ಸೆಟ್ಟೊಂದು ಆಕಾಶದಲ್ಲಿ ತೂಗಿದಂತೆ. ಲಿಪೋದ ಒಂದು ಸೆಲ್‌ನ ಹೆಸರಿನ ವೋಲ್ಟೇಜು 3.7, ಪೂರ್ತಿ ತುಂಬಿದಾಗ 4.2. ಇಂಥ 12 ಸೆಲ್‌ಗಳನ್ನು ಸರಣಿಯಾಗಿ ಜೋಡಿಸಿದ್ದು ‘12 ಎಸ್’: ಹೆಸರಿಗೆ 44.4 ವೋಲ್ಟ್, ತುಂಬಿದಾಗ 50.4. ಎಷ್ಟು ಎಸ್ ಬೇಕೆಂಬುದನ್ನು ಮೋಟಾರು ಮತ್ತು ಅದರ ವೇಗ ನಿಯಂತ್ರಕ ತೀರ್ಮಾನಿಸುತ್ತವೆ, ಕೊಳ್ಳುವವರಲ್ಲ. ಮೋಟಾರಿನ ಮೇಲಿನ ‘ಕೆವಿ’ ಕಿಲೋವೋಲ್ಟ್ ಅಲ್ಲ. ಹೊರೆ ಇಲ್ಲದಾಗ ಒಂದು ವೋಲ್ಟಿಗೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಅಂಕಿ. 100 ಕೆವಿ ಮೋಟಾರಿಗೆ 44.4 ವೋಲ್ಟ್ ಕೊಟ್ಟರೆ ನಿಮಿಷಕ್ಕೆ 4,440 ಸುತ್ತು. ಎಸ್ ಹೆಚ್ಚಿಸಿದರೆ ಸುತ್ತು ಏರಿ, ರೆಕ್ಕೆ ಎಳೆಯುವ ಕರೆಂಟೂ ಏರಿ ಮೋಟಾರು ಸುಡುತ್ತದೆ.

3,000 ವಾಟನ್ನು 44.4ರಿಂದ ಭಾಗಿಸಿದರೆ ಸುಮಾರು 68 ಆಂಪಿಯರ್. ಬ್ಯಾಟರಿ 16,000 ಎಂಎಎಚ್, ಅಂದರೆ 16 ಆಂಪಿಯರ್ ಗಂಟೆಯದಾದರೆ ಇದು ಅದರ ಸಾಮರ್ಥ್ಯದ ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಂದರೆ 4.2 ಸಿ. ಗಾಳಿ ಬಡಿದಾಗ, ಮೇಲೇರುವಾಗ ಇದು ದುಪ್ಪಟ್ಟಾಗಬಹುದು. ಹಾಗಾಗಿ ನಿಜವಾದ 15 ಸಿ ಧಾರಾಳ ಸಾಕು. ಚೀಟಿಯ ಮೇಲಿನ 25 ಸಿ, 30 ಸಿ ಅಂಕಿಗಳಲ್ಲಿ ಮಾರಾಟಗಾರನ ಉತ್ಸಾಹವೂ ಸೇರಿರುತ್ತದೆ. ಮಿಲಿಓಮ್‌ನಲ್ಲಿ ಅಳೆಯುವ ಒಳರೋಧವೇ ಹೆಚ್ಚು ನಂಬಬಹುದಾದ ಸಾಕ್ಷಿ. ಆ ಬ್ಯಾಟರಿಯಲ್ಲಿರುವುದು 710 ವಾಟ್ ಗಂಟೆ. ಶೇ. 20ರಷ್ಟು ಉಳಿಸಿ ಇಳಿಸಿದರೆ ಹಾರಾಟ 11 ನಿಮಿಷ. ಟ್ಯಾಂಕು ಖಾಲಿಯಾದಂತೆ ಭಾರ ಇಳಿಯುವುದರಿಂದ ಒಂದೆರಡು ನಿಮಿಷ ಹೆಚ್ಚೇ ಸಿಗುತ್ತದೆ. ಹಾರಾಟ ಹೆಚ್ಚಲೆಂದು ದೊಡ್ಡ ಬ್ಯಾಟರಿ ಕಟ್ಟಿದರೆ ಅದರ ತೂಕ ಹೊರುವುದಕ್ಕೇ ಅರ್ಧ ಲಾಭ ಹೋಗುತ್ತದೆ.

ಚಾರ್ಜಿಂಗ್ ಎರಡು ಹಂತದ್ದು. ಮೊದಲು ಕರೆಂಟನ್ನು ಒಂದೇ ಮಟ್ಟದಲ್ಲಿಟ್ಟು ತುಂಬಿಸುತ್ತಾರೆ, ಸೆಲ್ 4.2 ವೋಲ್ಟ್ ಮುಟ್ಟಿದ ಮೇಲೆ ವೋಲ್ಟೇಜು ನಿಂತು ಕರೆಂಟು ತಾನೇ ಇಳಿಯುತ್ತದೆ. ದಪ್ಪ ವೈರಿನ ಜತೆ ಬರುವ ಸಣ್ಣ ವೈರುಗಳ ಬಿಳಿ ಪ್ಲಗ್ಗನ್ನು, ಅಂದರೆ ಬ್ಯಾಲೆನ್ಸ್ ಪ್ಲಗ್ಗನ್ನು, ಅವಸರದಲ್ಲಿ ಬಿಟ್ಟುಬಿಡುವವರುಂಟು. ಆಗ ಚಾರ್ಜರಿಗೆ ಕಾಣುವುದು ಒಟ್ಟು 50.4 ಮಾತ್ರ. ಹನ್ನೊಂದು ಸೆಲ್ 4.19ರಲ್ಲಿದ್ದು ಒಂದು 4.31 ಆಗಿದ್ದರೂ ಒಟ್ಟು 50.4ರ ಆಸುಪಾಸೇ ಬರುತ್ತದೆ. ಉಬ್ಬುವುದು, ಹೊತ್ತುವುದು ಆ ಒಂದೇ ಸೆಲ್. 6 ಎಸ್‌ನ ಎರಡು ಬ್ಯಾಟರಿ ಸೇರಿಸಿ ಬಳಸುವ ಯಂತ್ರಗಳಲ್ಲಿ ಜೋಡಿ ಒಡೆಯಬಾರದು. ಮಾರ್ಕರಿನಿಂದ ‘3ಅ’, ‘3ಆ’ ಎಂದು ಬರೆದಿಟ್ಟು ಎತ್ತಿನ ಜೋಡಿಯಂತೆ ಒಟ್ಟಿಗೇ ಹೂಡಬೇಕು, ಒಟ್ಟಿಗೇ ಮೇಯಿಸಬೇಕು.

ಒಂದು ಹಾರಾಟ ಖರ್ಚು ಮಾಡಿದ್ದನ್ನು ಮತ್ತೆ ತುಂಬಿಸಲು ಹೆಚ್ಚೆಂದರೆ ಮುಕ್ಕಾಲು ಯೂನಿಟ್ ವಿದ್ಯುತ್ ಸಾಕು. ತೊಂದರೆ ವೇಗದ್ದು. 1 ಸಿ, ಅಂದರೆ 16 ಆಂಪಿಯರಿನಲ್ಲಿ ತುಂಬಲು ಹತ್ತಿರಹತ್ತಿರ ಒಂದು ಗಂಟೆ. ಡ್ರೋನ್ ಕಾಲು ಗಂಟೆಗೊಮ್ಮೆ ಇಳಿದು ಹೊಸ ಬ್ಯಾಟರಿ ಕೇಳುತ್ತದೆ; ತಣಿಯುವ ಹೊತ್ತೂ ಸೇರಿದರೆ ಆರು ಸೆಟ್ ಬೇಕು. ಬ್ಯಾಟರಿಯ ಮೇಲೆ ಅನುಮತಿ ಬರೆದಿದ್ದರೆ 2 ಸಿ ಕೊಡಬಹುದು. ಆಗ ಒಂದು ಚಾರ್ಜರ್ ಸುಮಾರು 1,800 ವಾಟ್ ಎಳೆಯುತ್ತದೆ. ಮನೆಯ 6 ಆಂಪಿಯರ್ ಪ್ಲಗ್ಗು ಕರಗುತ್ತದೆ, 16 ಆಂಪಿಯರಿನ ಪವರ್ ಪಾಯಿಂಟೇ ಬೇಕು. ಹೊಲದ ತ್ರೀ ಫೇಸ್ ದಿನಕ್ಕೆ ಏಳು ಗಂಟೆ, ಅದೂ ಪಾಳಿಯ ಮೇಲೆ. ಆದ್ದರಿಂದ ಡ್ರೋನಿನ ಗಾಡಿಯಲ್ಲಿ ಔಷಧದ ಡ್ರಮ್ಮಿನ ಪಕ್ಕದಲ್ಲೇ ಜನರೇಟರೂ ಕೂತಿರುತ್ತದೆ.

ಇಳಿದ ಕೂಡಲೇ ಚಾರ್ಜಿಗೆ ಹಾಕುವುದು ಇಲ್ಲಿಯ ದೊಡ್ಡ ತಪ್ಪು. ಚಾರ್ಜ್ ಮಾಡುವಾಗ ಸೆಲ್ 45 ಡಿಗ್ರಿ ಮೀರಬಾರದು. ಏಪ್ರಿಲ್ ಮಧ್ಯಾಹ್ನ ಗಾಳಿಯೇ 38 ಮುಟ್ಟುವ ಊರಿನಲ್ಲಿ ಗಾಡಿಯ ತಗಡಿನ ಮೇಲಿಟ್ಟ ಬ್ಯಾಟರಿ ತಣಿಯುವುದಿಲ್ಲ. ಬೇವಿನ ನೆರಳು, ಒಂದು ಫ್ಯಾನು, ಕೈಯಿಟ್ಟರೆ ಬೆಚ್ಚಗೂ ಅನಿಸದ ಸ್ಥಿತಿ: ಅಲ್ಲಿಯವರೆಗೆ ಕಾಯಬೇಕು. ನೀರಿನಲ್ಲಿ ಅದ್ದಿ ತಣಿಸಲು ಹೋಗಬಾರದು.

ಹಂಗಾಮು ಮುಗಿದ ಮೇಲೆ ಪೂರ್ತಿ ತುಂಬಿಸಿ ಅಟ್ಟಕ್ಕೇರಿಸಿದ ಬ್ಯಾಟರಿ ಮುಂದಿನ ಮುಂಗಾರಿಗೆ ಉಬ್ಬಿರುತ್ತದೆ. ಪೂರ್ತಿ ಖಾಲಿ ಇಟ್ಟದ್ದು 3 ವೋಲ್ಟಿಗಿಂತ ಕೆಳಗಿಳಿದು ಕೆಟ್ಟಿರುತ್ತದೆ. ಚಾರ್ಜರಿನ ‘ಸ್ಟೋರೇಜ್’ ಗುಂಡಿ ಒತ್ತಿ ಸೆಲ್ಲಿಗೆ 3.8 ವೋಲ್ಟಿನ ಹತ್ತಿರ ನಿಲ್ಲಿಸಿ, ಕಾಳು, ಬಣವೆ, ಔಷಧಗಳಿಂದ ದೂರ, ತಂಪು ಜಾಗದಲ್ಲಿಡಬೇಕು. ತಿಂಗಳಿಗೊಮ್ಮೆ ಅಳೆಯಬೇಕು.

ಉಬ್ಬಿದ್ದನ್ನು ಚುಚ್ಚಿ ಗಾಳಿ ಬಿಡುವ ರಿಪೇರಿ ಬೇಡ. ಒಳಗಿರುವುದು ಹೊತ್ತುವ ಅನಿಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನಿಧಾನವಾಗಿ ಖಾಲಿ ಮಾಡಿ, ತುದಿಗಳಿಗೆ ಟೇಪು ಸುತ್ತಿ, ಕೊಂಡ ಅಂಗಡಿಗೇ ಒಯ್ಯುವುದು ಸರಿಯಾದ ದಾರಿ. ತಕ್ಕಡಿಯಲ್ಲಿ ತೂಗಿ ಕಬ್ಬಿಣದ ರಾಶಿಗೆ ಎಸೆಯುವ ಗುಜರಿಯವನಿಗೆ ಇದನ್ನು ಕೊಡಬಾರದು.