ಕಾಳುಮೆಣಸಿನ ರಾಣಿಯ ಸೀಮೆಯಲ್ಲಿ ಒಂದು ದಿನ

ಮಳೆ ಮುಗಿದ ಮೇಲೆ ಒಂದು ದಿನ ಆಯಿಯನ್ನು ಕೂರಿಸಿಕೊಂಡು ಕುಮಟೆಯಿಂದ ಭಟ್ಕಳದವರೆಗೆ ಕಾರಿನಲ್ಲಿ ಹೋಗಿಬಂದೆ. ನೂರು ಸಲ ಓಡಾಡಿದ ಹೆದ್ದಾರಿಯೇ. ಆದ್ರೆ ಈ ಸಲ ಕೋಟೆ, ಬಸದಿ, ದೇವಸ್ಥಾನ ಅಂತ ನಿಂತು ನಿಂತು ಹೋಗಿದ್ದು.

ಮೊದಲು ಮಿರ್ಜಾನ್. ಅಘನಾಶಿನಿಯ ಹತ್ತಿರ ಚಿರೆಕಲ್ಲಿನ ಕೋಟೆ, ಸುತ್ತ ಕಂದಕ, ಒಳಗೆ ಬಾವಿಗಳು, ಗೋಡೆ ತುಂಬ ಹಸಿರು ಪಾಚಿ. ಕಟ್ಟಿಸಿದ್ದು ಚೆನ್ನಭೈರಾದೇವಿ ಅಂತಾರೆ. ಬಿಜಾಪುರದ ಸರದಾರ ಅನ್ನೋರೂ ಇದ್ದಾರೆ. ಯಾರೇ ಕಟ್ಟಿಸಿರಲಿ, ಕಾವಲು ಬೇಕಾಗಿದ್ದು ಘಟ್ಟದಿಂದ ಇಳಿದು ಹಡಗು ಹತ್ತುತ್ತಿದ್ದ ಕಾಳುಮೆಣಸಿಗೆ. ಪೋರ್ಚುಗೀಸರು ಆಕೆಯನ್ನು ಕರೆದದ್ದೇ 'ಮೆಣಸಿನ ರಾಣಿ' ಅಂತ. 1552ರಿಂದ 1606ರವರೆಗೆ, ಅಂದ್ರೆ ಸುಮಾರು 54 ವರ್ಷ ಆಳಿದ ಜೈನ ರಾಣಿ!

ಹೊನ್ನಾವರದಲ್ಲಿ ಊಟ ಮುಗಿಸಿ ಶರಾವತಿ ಗುಂಟ ಗೇರುಸೊಪ್ಪೆಗೆ ಹೋದ್ವಿ. ಆಕೆಯ ರಾಜಧಾನಿ ಇದೇ. ಈಗ ಕಾಡಿನ ನಡುವೆ ಚತುರ್ಮುಖ ಬಸದಿ. ನಾಲ್ಕು ಕಡೆ ಬಾಗಿಲು, ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತ ತೀರ್ಥಂಕರರು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಹತ್ತಿರ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ದೋಣಿಯಲ್ಲಿ ಇಲ್ಲಿಗೆ ಬಂದಿದ್ದ. ಹೊಳೆಯ ಚೆಲುವನ್ನು ಬಾಯ್ತುಂಬ ಹೊಗಳಿದ್ದಾನೆ. ಊರು ಆಗಲೇ ಹಾಳುಬಿದ್ದು, ಅರಮನೆ ಮೇಲೆ ಮರ ಬೆಳೆದಿತ್ತಂತೆ. ರಾಣಿಯ ಆಳ್ವಿಕೆ ಮುಗಿದು ಬರೀ 17 ವರ್ಷ!

ಅವನು ಇನ್ನೊಂದನ್ನೂ ಬರೆದಿದ್ದಾನೆ. ಗೇರುಸೊಪ್ಪೆಯ ರಾಣಿ ಯಾರೋ ಪರದೇಶಿಯನ್ನು ಮೋಹಿಸಿ ರಾಜ್ಯ ಕಳಕೊಂಡಳು ಅಂತ. ಗೆದ್ದವನ ಆಸ್ಥಾನಕ್ಕೆ ಹೋಗುವ ದಾರಿಯಲ್ಲಿ ಕೇಳಿದ ಕಥೆ ಇದು. ನಂಗಂತೂ ನಂಬಿಕೆ ಬರಲಿಲ್ಲ. ಸೋತ ರಾಜನಾದರೆ ಸೈನ್ಯ, ಸಂಚು ಅಂತ ಕಾರಣ ಹುಡುಕ್ತೀವಿ. ಸೋತವಳು ಹೆಂಗಸಾದ್ರೆ ಮೋಹ ಸಾಕು. ಆಯಿಗೆ ಈ ಕಥೆ ಹೇಳಿದೆ. "ಐವತ್ತು ವರ್ಷ ಆಳಿದ್ದು ಯಾವ ಮೋಹದಿಂದಂತೆ?" ಅಂದಳು. ಉತ್ತರ ನನ್ನ ಹತ್ರ ಇರಲಿಲ್ಲ.

ಭಟ್ಕಳಕ್ಕೆ ಬಂದಾಗ ಸಂಜೆ. ಪೋರ್ಚುಗೀಸರು 1542ರಲ್ಲಿ ಸುಟ್ಟ ಪಟ್ಟಣ ಇದು. ಅದೇ ಶತಮಾನದ ಖೇತಪಯ್ಯ ನಾರಾಯಣ ದೇವಸ್ಥಾನದಲ್ಲಿ ಕಲ್ಲನ್ನೇ ಮರದ ಹಾಗೆ ಬಳಸಿದ್ದಾರೆ. ಇಳಿಜಾರು ಮಾಡಿಗೆ ಕಲ್ಲಿನ ಹಲಗೆ, ಗೋಡೆಗೆ ಕಲ್ಲಿನ ಜಾಲರಿ, ಹೊರಗೆ ರಾಮಾಯಣದ ಕೆತ್ತನೆ. ಕಟ್ಟಿಸಿದವನು ಒಬ್ಬ ವ್ಯಾಪಾರಿ. ಅವನ ಹೆಸರು ದೇವರ ಹೆಸರಿನ ಜೊತೆಗೇ ಉಳಿದುಬಿಟ್ಟಿದೆ ನೋಡಿ.

ಕತ್ತಲಾಯ್ತು ಅಂತ ಹಾಡುವಳ್ಳಿ ಬಿಟ್ಟು ಬಂದ್ವಿ. ಅಲ್ಲಿಗೆ ಹೋದವರಿದ್ರೆ ರಸ್ತೆ ಹೇಗಿದೆ ಅಂತ ತಿಳಿಸಿ. ಆಯಿ ಈಗಲೇ ತಯಾರಾಗಿ ಕೂತಿದ್ದಾಳೆ.